ಅತ್ತಿಯ ಎರಡನೇ ದಾರಿ

ನಮ್ಮ ಅತ್ತಿ ಹೋದ ಸುದ್ದಿ ಬಂದಾಗ ನಾನು ಕಲಬುರಗಿಯ ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ಸೇಡಂ ಮುಟ್ಟುವ ಹೊತ್ತಿಗೆ ಆಕೆಯನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ಎಲ್ಲ ಮುಗಿದಿತ್ತು. ಓಣಿಯ ಹೆಂಗಸರು ಸುತ್ತ ಕುಳಿತು ಒಂದೇ ಮಾತನ್ನು ತಿರುತಿರುಗಿ ಆಡುತ್ತಿದ್ದರು.

"ಭಾಳ ಪುಣ್ಯವಂತಿ ನೋಡ್ರಿ. ಯಾರಿಗೂ ಭಾರ ಆಗಲಿಲ್ಲ. ಒಂದಿನ ಸೈತ ನನಗ ಇಂಥಾದ್ದು ಬೇಕು ಅಂದಾಕಿ ಅಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಬೇಕು ಅನ್ನಲಿಲ್ಲವಂತೆ! ಆಕೆ ಜನ್ಮದಲ್ಲಿ ಒಂದೇ ಒಂದನ್ನು ಕೇಳಿದಳು, ವರ್ಷಗಟ್ಟಲೆ ಕೇಳಿದಳು. ತಾನು ನರ್ಸ್ ಆಗಬೇಕು ಅಂತ. ಹೆಣದ ಮುಂದೆ ಜಗಳ ತೆಗೆಯಬಾರದೆಂದು ಸುಮ್ಮನೆ ಕುಳಿತೆ. ಅಲ್ಲಿ ಆಡದೆ ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆಯ ಹೆಸರು ಮಾತ್ರ ಬರೆಯುವುದಿಲ್ಲ. ನಮ್ಮ ಕಡೆ ಅಪ್ಪನ ತಂಗಿಗೆ ಅತ್ತಿ ಅನ್ನುತ್ತಾರೆ, ನನಗೆ ಅಷ್ಟು ಸಾಕು.

ಅತ್ತಿಯನ್ನು ಕುರಕುಂಟಾದ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು, ಆಕೆಯ ಗಂಡನೂ ಅದರಲ್ಲಿ ಹೋದ. ಮಕ್ಕಳಿರಲಿಲ್ಲ. ಸೇಡಂನ ತವರಿಗೆ ಬಂದಳು. ನಮ್ಮದು ತೊಗರಿ, ಶೇಂಗಾ ವ್ಯಾಪಾರದ ಮನೆ. ಅಪ್ಪ, ಅವ್ವ, ಅಜ್ಜಿ, ನಾನು. ಅತ್ತಿ ಬಂದಾಗ ನಾನು ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ಆಕೆ ಇಲ್ಲದ ಮನೆ ಹೇಗಿತ್ತೋ ನನಗೆ ಗೊತ್ತಿಲ್ಲ.

ಆಕೆಯ ಒಂದು ಸ್ವಭಾವವನ್ನು ಮೊದಲು ಹೇಳಬೇಕು. ಯಾವುದನ್ನೂ ಒಂದೇ ಎಂದು ನಂಬಿದವಳಲ್ಲ. ಬಾವಿಗೆ ಹೋದರೆ ಹೆಗಲ ಮೇಲೆ ಇನ್ನೊಂದು ಹಗ್ಗ. ಕಡ್ಡಿಪೆಟ್ಟಿಗೆ ಒಲೆಯ ಗೂಡಿನಲ್ಲೊಂದು, ದೇವರ ಗೂಡಿನಲ್ಲೊಂದು. ಊರಿಗೆ ಹೊರಟರೆ ಈ ಬಂಡಿ ಬರದಿದ್ದರೆ ಯಾರ ಬಂಡಿ ಅಂತ ಹಿಂದಿನ ದಿನವೇ ಕೇಳಿಕೊಂಡು ಬರುತ್ತಿದ್ದಳು. "ಒಂದು ಕೈ ಕೊಟ್ರ ಇನ್ನೊಂದು ಇರಬೇಕವಾ" ಅನ್ನುತ್ತಿದ್ದಳು. ಅಪ್ಪ ಚಾಷ್ಟಿ ಮಾಡುತ್ತಿದ್ದ: "ನಮ್ಮ ತಂಗಿಗಿ ದೇವರು ಸೈತ ಎರಡು ಬೇಕು."

"ದೇವರು ಒಬ್ಬನೇ ಸಾಕು ಅಣ್ಣಾ. ಅಂವ ಹಗ್ಗದಂಗ ಕೈ ಕೊಡಂಗಿಲ್ಲ," ಅನ್ನುತ್ತಿದ್ದಳು ಅತ್ತಿ.

ನರ್ಸಿನ ಹುಚ್ಚು ಹತ್ತಿದ್ದು ವಾಡಿಯಲ್ಲಿ. ನಾನು ಆಗ ಪರಕಾರ ಉಡುವ ಸಣ್ಣ ಹುಡುಗಿ. ಶಹಾಬಾದದಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುತ್ತಿದ್ದೆವು, ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಫರಸಿಯ ಮೇಲೆ ಯಾರೋ ಚೆಲ್ಲಿದ ನೀರಿಗೆ ಅಜ್ಜಿಯ ಕಾಲು ಜಾರಿತು. ಬಿದ್ದವಳು ಏಳಲೇ ಇಲ್ಲ, ಟೊಂಕದ ಎಲುಬು ಮುರಿದಿತ್ತು. ರೈಲ್ವೆಯವರ ಸಣ್ಣ ದವಾಖಾನೆಗೆ ಹೊತ್ತುಕೊಂಡು ಹೋದರು. ಅಲ್ಲಿದ್ದ ನರ್ಸು ಕುಂಚಾವರಂ ಕಡೆಯ ಕಿರಿಸ್ತಾನರ ಹೆಂಗಸು. ಮೈ ದಪ್ಪ, ದನಿ ದೊಡ್ಡದು, ಕನ್ನಡದಲ್ಲಿ ತೆಲುಗು ಬೆರೆಸಿ ಮಾತಾಡುತ್ತಿದ್ದಳು. ಅಜ್ಜಿ ಹಾಸಿಗೆ ಒದ್ದೆ ಮಾಡಿಕೊಂಡಾಗ ನಾವೆಲ್ಲ ಈಗ ಎತ್ತಬೇಕಲ್ಲ, ಎತ್ತಿದರೆ ಚೀರುತ್ತಾಳಲ್ಲ ಅಂತ ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆ ಬಂದಳು. ಅಜ್ಜಿಯನ್ನು ಒಂದು ಮಗ್ಗಲಿಗೆ ಮೆಲ್ಲಗೆ ಹೊರಳಿಸಿ, ಹಳೆ ಚಾದರವನ್ನು ಬೆನ್ನಿನ ತನಕ ಸುತ್ತಿ, ಹೊಸದನ್ನು ಅದರ ಹಿಂದೆ ಹಾಸಿದಳು. ಮತ್ತೆ ಈಚೆ ಹೊರಳಿಸಿ ಹಳೆಯದನ್ನು ಎಳೆದುಕೊಂಡು ಹೊಸದನ್ನು ಬಿಚ್ಚಿದಳು. ಅಜ್ಜಿ ಮುಲುಗಲೂ ಇಲ್ಲ.

ಅತ್ತಿ ಬಾಯಿ ತೆರೆದು ನಿಂತಿದ್ದಳು. "ಇದನ್ನ ಎಲ್ಲಿ ಕಲಿಸ್ತಾರ್ರಿ?" ಅಂದಳು.

"ಏಮಮ್ಮಾ, ನೀ ಕಲೀತೀಯಾ?" ಅಂತ ನರ್ಸಮ್ಮ ನಕ್ಕಳು. ಅತ್ತಿ ನಗಲಿಲ್ಲ.

ಅಲ್ಲಿದ್ದಷ್ಟು ದಿನ ಆಕೆಯ ಬೆನ್ನು ಬಿಡಲಿಲ್ಲ. ಬರುವಾಗ ಎರಡು ದಾರಿ ತಿಳಿದುಕೊಂಡು ಬಂದಿದ್ದಳು. ಮೊದಲನೆಯದು ಹೈದರಾಬಾದ ಶಹರದ ದೊಡ್ಡ ದವಾಖಾನೆ. ಸರಕಾರದ ಕೆಲಸ, ಇರಲಿಕ್ಕೆ ಜಾಗ, ಮರ್ಯಾದೆಯೂ ಉಂಟು. ಆದರೆ ಉರ್ದು ಓದು ಬರಹ ಬರಬೇಕು, ಮನೆಯ ಹಿರಿಯರ ಒಪ್ಪಿಗೆ ಬೇಕು. ಅದು ಆಗದಿದ್ದರೆ ಎರಡನೆಯದು: ನರ್ಸಮ್ಮ ತಾನೇ ಕಲಿತ, ನಿಜಾಮನ ಸೀಮೆಯ ಗಡಿಯಾಚೆ ಸೊಲ್ಲಾಪುರ ಕಡೆಯ ಒಂದು ಮಿಶನ್ ಆಸ್ಪತ್ರೆ. ಅಲ್ಲಿ ವಯಸ್ಸಿಗೆ ಬಂದ ಹೆಣ್ಣು ತಾನೇ ಹೋಗಿ ಕಲಿಯುತ್ತೇನೆ ಅಂದರೆ ಸಾಕು, ಯಾರ ಒಪ್ಪಿಗೆಯೂ ಬೇಕಿಲ್ಲ. "ಮೊದಲು ಅಲ್ಲಿ ನೋಡಮ್ಮಾ. ಆಗಲಿಲ್ಲ ಅಂದ್ರ ವಾಡಿಗಿ ಬಾ, ನಾ ಗಾಡಿ ಹತ್ತಿಸ್ತೀನಿ," ಅಂದಿದ್ದಳು ನರ್ಸಮ್ಮ.

ಮನೆಗೆ ಬಂದ ಮೇಲೆ ನನ್ನ ಗತಿ ಕೇಳಬೇಡಿ. ಅಜ್ಜಿಯ ಚಾದರ ಬದಲಿಸುವುದಂತೂ ಇದ್ದೇ ಇತ್ತು, ಸಾಲದ್ದಕ್ಕೆ ನಾನು ಆಕೆಯ ಪೇಶಂಟು. "ಮಲಕೋ. ನಿನ್ನ ಕಾಲು ಮುರದದ. ಅಲುಗಾಡಬ್ಯಾಡ," ಅನ್ನುತ್ತಿದ್ದಳು. ಅಲುಗಾಡಿದರೆ ತೊಡೆಗೆ ಚಿವುಟುತ್ತಿದ್ದಳು. ಅವ್ವ ಅಡಿಗೆಮನೆಯಿಂದ ಕೂಗುತ್ತಿದ್ದಳು: "ಎರಡು ಕಾಲೂ ನೆಟ್ಟಗಿರೋ ಹುಡಗಿ ಅದ, ಸಾಲಿಗಿ ಕಳಸವಾ!"

ಅಪ್ಪನ ಮೊದಲ ತಕರಾರು ಸೂತಕದ್ದು. "ಹಡೆದವರ ಮೈಲಿಗಿ, ಸತ್ತವರ ಸೂತಕ, ಎಲ್ಲಾ ಮುಟ್ಟಿದ ಕೈಲೆ ಲಿಂಗಪೂಜಿ ಹ್ಯಾಂಗ ಮಾಡ್ತೀಯವಾ?" ಅತ್ತಿ ಸಮಯ ಕಾದಳು. ಶ್ರಾವಣದಲ್ಲಿ ಮಠದ ಅಯ್ಯನವರು ನಮ್ಮ ಮನೆಗೆ ಪ್ರಸಾದಕ್ಕೆ ಬಂದರು. ಊಟ ಮುಗಿದು ಅಡಿಕೆ ಹಾಕಿಕೊಳ್ಳುವಾಗ ಬಾಗಿಲ ಮರೆಯಿಂದ ಕೇಳಿದಳು.

"ಅಪ್ಪಾರ, ಲಿಂಗವಂತರಿಗಿ ಸೂತಕ ಅದ ಏನ್ರಿ?"

"ಇಲ್ಲವಾ. ಅಣ್ಣ ಬಸವಣ್ಣನ ದಾರಿಯೊಳಗ ಸೂತಕ ಇಲ್ಲ."

"ಹಡೆದ ಮನಿದು?"

"ಇಲ್ಲ."

"ಸತ್ತ ಮನಿದು?"

"ಅದೂ ಇಲ್ಲ. ಲಿಂಗ ಇದ್ದ ಮೈಗಿ ಎಲ್ಲಿ ಸೂತಕ ತಂಗಿ?"

"ಹಂಗಾದ್ರ ನಾ ದವಾಖಾನಿ ಕೆಲಸ ಕಲೀಲಿಕ್ಕ ಹೋದ್ರ ತಪ್ಪೇನ್ರಿ? ಕೊರಳಾಗ ಏನೂ ಇರಬಾರದು ಅಂದ್ರ ಲಿಂಗ ತೋಳಿಗಿ ಕಟಗೋತೀನಿ. ಅದೂ ನಡೀತದ ಅಂತ ನೀವೇ ಒಮ್ಮಿ ಹೇಳಿದ್ರಿ."

ಅಯ್ಯನವರ ಅಡಿಕೆ ಬಾಯಲ್ಲೇ ನಿಂತಿತು. ಅಪ್ಪ ನೆಲ ನೋಡುತ್ತಿದ್ದ. ಆಮೇಲೆ ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ಈಕಿ ನನ್ನ ಮಾತಿಲೇ ನನ್ನ ಕಟ್ಟಿ ಹಾಕಿದಳಲ್ಲೋ! ಹೋಗ್ಲಿ ಬಿಡಪಾ, ಛಲೋ ಕೆಲಸ. ಅಂದಂಗ, ಕೊಟ್ಟ ಮನಿಯವರನ್ನ ಒಂದು ಮಾತು ಕೇಳು."

ಅತ್ತಿ ಗೆದ್ದಳು ಅಂದುಕೊಂಡೆವು. ಆ ದಿನ ಅವ್ವ ಎರಡನೇ ಸಲ ಸಿಹಿ ಸಜ್ಜಕ ಮಾಡಿದಳು. ಆ 'ಒಂದು ಮಾತು' ಮುಂದೆ ಏನು ಮಾಡೀತು ಎಂದು ಯಾರಿಗೂ ಹೊಳೆಯಲಿಲ್ಲ.

ಅಪ್ಪ ಬಂಡಿ ಕಟ್ಟಿಕೊಂಡು ಕುರಕುಂಟಾಕ್ಕೆ ಹೋದ, ನಾನೂ ಹೋಗಿದ್ದೆ. ಅತ್ತಿಯ ಮಾವ ದೊಡ್ಡ ಮನುಷ್ಯ. ಸೊಸೆ ತವರಲ್ಲಿದ್ದರೂ ಪ್ರತಿ ವರ್ಷ ಜೋಳದ ರಾಶಿ ಆದ ಕೂಡಲೇ ಆಕೆಯ ಹೆಸರಿನ ಚೀಲ ಕಳಿಸುತ್ತಿದ್ದ. ನಮ್ಮನ್ನು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ. ಅಪ್ಪ ವಿಷಯ ತೆಗೆದ.

"ನಮ್ದೇನದ್ರಿ ಸಾವಕಾರ್ರ," ಅಂದ ಮುದುಕ. "ನಿಮ್ಮ ಮನ್ಯಾಗ ಇದ್ದಾಳ. ನೀವು ಹ್ಯಾಂಗಂತೀರಿ ಹಂಗ."

"ಅಲ್ರಿ, ನಿಮ್ಮ ಮನಿ ಸೊಸಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ನೀವು ಹೇಳಬೇಕು."

"ನೀವು ತಿಳದವರು. ನಾವು ಮಣ್ಣಾಗ ಇರೋರು. ನೀವು ಹೂಂ ಅಂದ್ರ ನಾವು ಬ್ಯಾಡ ಅಂತೀವೇನು?"

"ನೀವು ಮೊದಲು ಒಂದು ಮಾತು ಅಂದ್ರ ನನಗೂ ಧೈರ್ಯ ಬರ್ತದ."

"ಛೇ ಛೇ, ನಿಮ್ಮ ಮುಂದ ನಾವು ಮೊದಲ ಮಾತಾಡೋದಾ? ನಡೀರಿ, ಊಟಕ್ಕ ಏಳ್ರಿ."

ಹೋಳಿಗೆ ಉಂಡು ಬಂದೆವು. ಅತ್ತಿ ಹೊಸ್ತಿಲಲ್ಲೇ ನಿಂತಿದ್ದಳು.

"ಏನಂದ್ರು ಅಣ್ಣಾ?"

"ಇಲ್ಲ ಅಂದಿಲ್ಲವಾ."

"ಹೂಂ ಅಂದ್ರೇನು?"

"ನಮ್ಮ ಮ್ಯಾಲ ಬಿಟ್ಟಾರ."

"ಹಂಗಾದ್ರ ನೀ ಹೂಂ ಅನ್ನು."

"ನಾ ಹ್ಯಾಂಗ ಅನ್ಲಿ ಹುಚ್ಚಿ? ನೀ ಅವರ ಮನಿ ಹೆಣ್ಮಗಳು. ನಾಳೆ ಏನರ ಹೆಚ್ಚು ಕಮ್ಮಿ ಆದ್ರ ನೀವೇ ಕಳಿಸಿದ್ರಿ ಅಂತಾರ."

ಇದು ಒಂದು ವರ್ಷದ ಕಥೆಯಲ್ಲ. ಮರುವರ್ಷವೂ ಅದೇ ಕಟ್ಟೆ, ಅದೇ ಕಂಬಳಿ, ಅದೇ ಮಾತು. ಒಮ್ಮೆ ಮುದುಕನೇ ಜೋಳದ ಚೀಲದ ಜೊತೆ ನಮ್ಮ ಮನೆಗೆ ಬಂದ. ಮಾವನ ಎದುರು ಅತ್ತಿ ಬಾಯಿ ಬಿಡುವಂತಿಲ್ಲ. ನನ್ನ ಕಿವಿಯಲ್ಲಿ ಹೇಳಿ ಕಳಿಸಿದಳು. ನಾನು ಹೋಗಿ ಎದುರಿಗೆ ನಿಂತು ಕೇಳಿದೆ, "ಅಜ್ಜಾ, ನಮ್ಮತ್ತಿ ನರ್ಸ್ ಆಗಲೇನ್ರಿ?" ಆತ ನನ್ನ ಗಲ್ಲ ಹಿಡಿದು, "ಶಾಣ್ಯಾಕಿ ಇದ್ದಿ. ನಿಮ್ಮಪ್ಪನ್ನ ಕೇಳವಾ," ಅಂದ. ಅಪ್ಪ ಅಲ್ಲೇ ಪಕ್ಕದಲ್ಲಿ ಕುಳಿತಿದ್ದ! ಇಬ್ಬರೂ ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡರು.

ಅಪ್ಪ ಕೆಟ್ಟವನಾಗಿದ್ದರೆ ನನಗೆ ಬರೆಯುವುದು ಸುಲಭವಿತ್ತು. ತಂಗಿಯ ಕಣ್ಣಲ್ಲಿ ನೀರು ಕಂಡರೆ ಆತನಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಮುದುಕನೂ ದೇವರಂಥವನು. ಒಬ್ಬರನ್ನೊಬ್ಬರು ಅಷ್ಟು ಮರ್ಯಾದೆಯಿಂದ ಕಾಣುತ್ತಿದ್ದರು, ಮೊದಲು ಹೂಂ ಅನ್ನುವುದೇ ದೊಡ್ಡ ಸೊಕ್ಕು ಅಂತ ಇಬ್ಬರಿಗೂ ಅನ್ನಿಸುತ್ತಿತ್ತು. ಇಂಥವರ ನಡುವೆ ಸಿಕ್ಕ ಹೆಂಗಸು ಯಾರ ಮೇಲೆ ಸಿಟ್ಟು ಮಾಡಬೇಕು ಹೇಳಿ.

ಕಾಯುತ್ತ ಕುಳಿತವಳು ಸುಮ್ಮನೆ ಕೂರಲಿಲ್ಲ. ಎದುರು ಮನೆಯ ಉಸ್ತಾನಿಬೀ ಹುಡುಗಿಯರ ಮದರಸಾದಲ್ಲಿ ಕಲಿಸುತ್ತಿದ್ದವರು, ಒಂಟಿ ಮುದುಕಿ. ಮಧ್ಯಾಹ್ನ ಅಜ್ಜಿಗೆ ನಿದ್ದೆ ಹತ್ತಿದ ಮೇಲೆ ಅತ್ತಿ ಪಾಟಿ ಹಿಡಿದು ಅವರ ಪಡಸಾಲೆಗೆ ಹೋಗುತ್ತಿದ್ದಳು. ನಾನು ಸಾಲಿಯಲ್ಲಿ ಉರ್ದು ಕಲಿತು ಎಡವುತ್ತಿದ್ದಾಗ ಆಕೆ ಸರಸರ ಓದುತ್ತಿದ್ದಳು. "ನಿನ್ನ ಭತೀಜಿಗಿಂತ ನೀನೇ ಛಲೋ ಬೇಟಿ," ಅಂತ ಉಸ್ತಾನಿಬೀ ನನ್ನೆದುರೇ ಅನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಉರ್ದು ಪಕ್ಕಾ ಆಯಿತು, ತೋಳಿಗೆ ಲಿಂಗ ಕಟ್ಟಿಕೊಳ್ಳುವ ಪಟ್ಟಿಯನ್ನೂ ಹೊಲಿದಿಟ್ಟಳು. ಹೂಂ ಎಂಬ ಒಂದಕ್ಷರ ಮಾತ್ರ ಬರಲಿಲ್ಲ.

ಅಜ್ಜಿಗೆ ಔಷಧಿ ತರುವ ನೆವದಲ್ಲಿ ಆಗೀಗ ವಾಡಿಗೆ ಹೋಗುತ್ತಿದ್ದಳು, ನಾನು ಜೊತೆಗೆ. ನರ್ಸಮ್ಮ ಬೈಯುತ್ತಿದ್ದಳು. "ಇನ್ನೂ ಕೇಳ್ಲಿಕತ್ತೀಯೇನಮ್ಮಾ? ನಾ ಹೇಳಿದ ದಾರಿ ಅದ ಅಲ್ಲಾ, ನಡಿ!"

"ಅದು ಕೇಳದೇ ಹೋಗೋ ದಾರಿ ಅಕ್ಕಾ," ಅನ್ನುತ್ತಿದ್ದಳು ಅತ್ತಿ. "ಅವರು ಇಲ್ಲ ಅಂದಿಲ್ಲ. ಇಲ್ಲ ಅನ್ನದವರ ಮಾತು ಮೀರಿ ಹ್ಯಾಂಗ ಹೋಗ್ಲಿ? ಈ ಸುಗ್ಗಿಗಿ ಹೇಳ್ತಾರ."

ಆದರೂ ಆ ದಾರಿಯನ್ನು ಆಕೆ ತಿದ್ದಿ ತೀಡಿ ಇಟ್ಟಿದ್ದಳು. ಯಾವ ಗಾಡಿಗೆ ಹೋದರೆ ವಾಡಿಯಲ್ಲಿ ಪರಿಚಯದವರು ಸಿಗುವುದಿಲ್ಲ, ಯಾವ ಕಡೆಯಿಂದ ಇಳಿದರೆ ರೈಲ್ವೆ ಕ್ವಾರ್ಟರ್ಸು ಹತ್ತಿರ, ನರ್ಸಮ್ಮ ಇಲ್ಲದಿದ್ದರೆ ಯಾರ ಬಾಗಿಲು ಬಡಿಯಬೇಕು, ಆಚೆ ಇಳಿದ ಮೇಲೆ ಆಸ್ಪತ್ರೆಗೆ ಯಾವ ರಸ್ತೆ. ರೊಟ್ಟಿ ಬಡಿಯುತ್ತ ಇದನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು, ನಾನು ತಪ್ಪಿದ್ದನ್ನು ತಿದ್ದುತ್ತಿದ್ದೆ. ನಮಗಿಬ್ಬರಿಗೆ ಅದೊಂದು ಆಟವಾಗಿತ್ತು.

ಕೊನೆಗೊಂದು ವರ್ಷ, ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಬರುವಾಗ, ಬಂಡಿಯಲ್ಲಿ ಅವ್ವನಿಗೂ ನನಗೂ ಹೇಳಿದಳು. "ಸಾಕಾತು. ಈ ತಿಂಗಳು ಹೋಗ್ತೀನಿ. ಯಾರನ್ನೂ ಕೇಳಂಗಿಲ್ಲ." ಅವ್ವ ಬ್ಯಾಡ ಅನ್ನಲಿಲ್ಲ. ಅಜ್ಜಿಯ ಚಾದರ ಬದಲಿಸುವುದನ್ನು ಆ ವಾರವೇ ಕಲಿತಳು. ಅಜ್ಜಿಗೂ ಗೊತ್ತಾಗಿತ್ತು ಅಂತ ಕಾಣುತ್ತದೆ, ಅವ್ವ ಹೊರಳಿಸಿದಾಗ ನೋವಾದರೂ ಹಲ್ಲು ಕಚ್ಚಿಕೊಂಡು, "ಈಕಿನೂ ಛಲೋ ಮಾಡ್ತಾಳ, ನೀ ಹೋಗವಾ," ಅನ್ನುತ್ತಿದ್ದಳು.

ಅಷ್ಟರಲ್ಲಿ ಊರಿನ ಗಾಳಿ ಕೆಟ್ಟಿತು. ಅದು ನಿಜಾಮನ ಸರಕಾರದ ಕೊನೆಯ ವರ್ಷ. ಸಂತೆ ಸೇರುವುದು ನಿಂತಿತು, ಗಾಡಿ ಇವತ್ತು ಬಂದರೆ ನಾಳೆ ಇಲ್ಲ, ಹಳ್ಳಿಗಳಿಂದ ಓಡಿ ಬಂದವರು ಹೇಳುವ ಸುದ್ದಿ ಕೇಳಿ ಅವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಸ್ವಲ್ಪ ದಿನ ನಿಲ್ಲವಾ," ಅಂದ ಅಪ್ಪ, ವಿಷಯ ಏನೆಂದು ಕೇಳದೆಯೇ. ಅತ್ತಿ ನಿಂತಳು. ಬೇಸಿಗೆಯಲ್ಲಿ ನಮ್ಮ ಅಂಗಡಿ ಲೂಟಿಯಾಯಿತು. ಅಪ್ಪನ ಹೆಸರು ಯಾರ್ಯಾರ ಬಾಯಲ್ಲೋ ಓಡಾಡುತ್ತಿದೆ ಅಂತ ಉಸ್ತಾನಿಬೀ ಬಂದು ಹೇಳಿದರು. "ಗಡಿ ದಾಟಿ ಹೋಗ್ರಿ. ಬೆಳದ ಹುಡಗಿ ಅದ ಮನ್ಯಾಗ," ಅಂತ ನನ್ನ ಕಡೆ ನೋಡಿದರು.

ದಾಟುವುದು ಅಂದರೆ ಎಲ್ಲಿಂದ, ಹೇಗೆ? ಅಪ್ಪನಿಗೆ ಕೈಕಾಲೇ ಆಡದು. ಆಗ ಅತ್ತಿ ಎದ್ದು ನಿಂತು ಎಲ್ಲ ಹೇಳಿದಳು. ಯಾವ ಗಾಡಿ, ಎಲ್ಲಿ ಇಳಿಯಬೇಕು, ಯಾರ ಮನೆ, ಏನು ಅನ್ನಬೇಕು. ಮದುವೆಗೆ ಹೊರಟವರ ಹಾಗೆ ಬಟ್ಟೆ ಉಟ್ಟುಕೊಳ್ಳಿರಿ ಅಂತಲೂ ಹೇಳಿದಳು. ಅಪ್ಪ ತಂಗಿಯನ್ನೇ ನೋಡುತ್ತಿದ್ದ. ಇದನ್ನೆಲ್ಲ ಆಕೆ ಯಾಕೆ ತಿಳಿದುಕೊಂಡಿದ್ದಾಳೆ ಎಂದು ಕೇಳಲಿಲ್ಲ. ಅಜ್ಜಿಯನ್ನು ಎತ್ತುವಂತಿರಲಿಲ್ಲ. ನೀನು ಇಲ್ಲೇ ಇರು ಅಂತ ಅತ್ತಿಗೆ ಯಾರೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ರೊಟ್ಟಿ ಕಟ್ಟಿಕೊಟ್ಟು, ಅಜ್ಜಿಯನ್ನು ಉಸ್ತಾನಿಬೀಯ ಮನೆಗೆ ಮಂಚ ಸಮೇತ ಸಾಗಿಸುವ ವ್ಯವಸ್ಥೆಗೆ ಹತ್ತಿದಳು. ನಾನು ಆಕೆಯ ಸೆರಗು ಹಿಡಿದು ಅತ್ತೆ. "ದಾರಿ ನಿನಗ ಬಾಯಿಪಾಠ ಅದ. ಅಪ್ಪನ್ನ ಕರಕೊಂಡು ನಡಿ," ಅಂದಳು.

ವಾಡಿಯಲ್ಲಿ ಎಲ್ಲವೂ ಆಕೆ ಹೇಳಿದಂತೆಯೇ ಇತ್ತು. ನರ್ಸಮ್ಮ ಬಾಗಿಲು ತೆರೆದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಆಮೇಲೆ ನಮ್ಮ ಹಿಂದೆ ನೋಡಿದಳು. "ಆಕಿ ಎಲ್ಲಿ?" ಅಂದಳು. ಅವ್ವ ಹೇಳಿದಳು. ನರ್ಸಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಆಕೆಗಾಗಿ ಎರಡು ಬಿಳಿ ಸೀರೆ ತೆಗೆದಿಟ್ಟಿದ್ದಳು, ಆಸ್ಪತ್ರೆಯವರಿಗೆ ಒಬ್ಬಳನ್ನು ಕಳಿಸುತ್ತೇನೆ ಅಂತ ಮಾತೂ ಕೊಟ್ಟಿದ್ದಳು. ಆಮೇಲೆ ನನ್ನ ಕಡೆ ಕೈ ಮಾಡಿ ಅಪ್ಪನಿಗೆ ಅಂದಳು, "ಗಡಿಯಾಚಿ ಓಡಿ ಬಂದವರ ಡೇರೆದಾಗ ಈ ಹುಡಗಿನ್ನ ಹ್ಯಾಂಗ ಕಾಯ್ತೀರಿ? ಆಸ್ಪತ್ರಿಗಿ ಹಾಕ್ರಿ. ಅನ್ನ ಅದ, ಗ್ವಾಡಿ ಅದ, ಕೆಲಸ ಕಲೀತಾಳ."

"ಹೂಂ," ಅಂದ ಅಪ್ಪ.

ಅಷ್ಟೇ. ಯಾರನ್ನೂ ಕೇಳಲಿಲ್ಲ. ಕೊಡದ ಹೆಣ್ಣು ನಾನು, ಆತ ಒಬ್ಬನೇ ನನಗೆ ಹಿರಿಯ. ಎವೆ ಬಡಿಯುವಷ್ಟರಲ್ಲಿ ಮುಗಿದುಹೋಯಿತು. ನನಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು, ನರ್ಸ್ ಆಗುವ ಆಸೆ ಒಂದು ಚೂರೂ ಇರಲಿಲ್ಲ. ಅಪ್ಪನ ಆ ಹೂಂ ಕೇಳಿ ಅವ್ವ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಯಾಕೆ ಅಂತ ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಮಳೆಗಾಲ ಮುಗಿಯುವಾಗ ಹಿಂದುಸ್ತಾನದ ಫೌಜು ಬಂದು ಗಲಾಟೆ ನಿಂತಿತು. ಅಪ್ಪ ಅವ್ವ ಸೇಡಂಗೆ ಮರಳಿದರು, ನಾನು ಆಸ್ಪತ್ರೆಯಲ್ಲೇ ಉಳಿದೆ. ಅಜ್ಜಿ ಆಷಾಢದಲ್ಲೇ ಹೋಗಿದ್ದಳು. ಕೊನೆಯತನಕ ಬೆನ್ನಿಗೆ ಒಂದು ಹುಣ್ಣು ಆಗಗೊಟ್ಟಿರಲಿಲ್ಲವಂತೆ ಅತ್ತಿ. ಉಸ್ತಾನಿಬೀ ಇದನ್ನು ಓಣಿಗೆಲ್ಲ ಹೇಳಿದ್ದರು. ಕುರಕುಂಟಾದ ಮುದುಕನೂ ಆ ಗದ್ದಲದಲ್ಲಿ ತೀರಿಕೊಂಡಿದ್ದ. ಚಳಿಗಾಲದಲ್ಲಿ ನಾನು ಮೊದಲ ಸಲ ರಜೆಗೆ ಬಂದೆ.

ಅತ್ತಿ ಅಂಗಳದ ಬಿಸಿಲಲ್ಲಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು, ಬೆನ್ನು ಸವರಿ, ಬಿಳಿ ಸೀರೆಯ ಅಂಚು ಮುಟ್ಟಿ ನೋಡಿದಳು. ಸೆರಗು ಜಾರಿದಾಗ ನೋಡಿದೆ. ಆ ಕೆಲವೇ ತಿಂಗಳಲ್ಲಿ ತಲೆ ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಅಪ್ಪ ಅವ್ವ ಒಳಗಿದ್ದರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ದನಿ ಇಳಿಸಿ ಕೇಳಿದಳು.

"ಅಲ್ಲಿ ಇನ್ನೂ ಹೆಣ್ಮಕ್ಕಳನ್ನ ತೊಗೋಲಿಕತ್ತಾರೇನು?"

"ತೊಗೋತಾರತ್ತಿ."

"ಛಲೋ ಆತು. ನಿಮ್ಮಜ್ಜಿ ಇಲ್ಲ. ಕುರಕುಂಟಾದವರೂ ಇಲ್ಲ. ನಿಮ್ಮಪ್ಪನ್ನ ನಾ ಕೇಳಂಗೇ ಇಲ್ಲ. ನಿನ್ನ ರಜಾ ಮುಗಿದ ಮ್ಯಾಲ ನಿನ್ನ ಸಂಗಾಟ ಬರ್ತೀನಿ."

ಸೇರಿಸಿಕೊಳ್ಳುವಾಗ ನನಗೆ ಅವರು ಮೊದಲು ಕೇಳಿದ್ದೇ ವಯಸ್ಸು. ಹೇಳಲೇಬೇಕಿತ್ತು. "ಅತ್ತಿ, ಮೂವತ್ತರ ಒಳಗಿನವರನ್ನೇ ತೊಗೋತಾರ."

"ಕಮ್ಮಿ ಹೇಳ್ತೀನಿ. ನನ್ನ ವಯಸ್ಸು ಯಾರು ಬರದಿಟ್ಟಾರ?"

"ತಲಿ ನೋಡಕೊಂಡೀಯೇನತ್ತಿ?"

ಆಕೆಯ ಕೈ ಮೆಲ್ಲಗೆ ತಲೆಗೆ ಹೋಯಿತು. ಸೆರಗು ಎಳೆದುಕೊಂಡಳು. ಸ್ವಲ್ಪ ಹೊತ್ತು ಬೇಳೆಯಲ್ಲಿ ಬೆರಳಾಡಿಸಿದಳು. "ಆಯಾ ಕೆಲಸಕ್ಕಾದ್ರ?"

"ಆಯಾಗಳಿಗಿ ಏನೂ ಕಲಿಸಂಗಿಲ್ಲತ್ತಿ. ನೆಲ ಒರಸೋದು, ಬಟ್ಟಿ ಒಗಿಯೋದು."

"ಅಷ್ಟಕ್ಕ ಅಲ್ಲೀತನ ಯಾಕ? ನೆಲ ಮನ್ಯಾಗೂ ಅದ," ಅಂದಳು. ಆಮೇಲೆ, "ಅಂದ್ರ ಇನ್ನ ಇಲ್ಲ."

"ಇಲ್ಲತ್ತಿ."

ನಾನು ಅಳುತ್ತಿದ್ದೆ. ಆಕೆ ಅಳಲಿಲ್ಲ. ಮೊರ ಕೆಳಗಿಟ್ಟು ನನ್ನ ಮುಖವನ್ನು ಸೆರಗಿನಿಂದ ಒರೆಸಿದಳು.

"ಇಷ್ಟು ವರ್ಷದಾಗ ನನಗ ಇಲ್ಲ ಅಂದಾಕಿ ನೀನೊಬ್ಬಾಕಿನೇ ನೋಡು," ಅಂದಳು. "ಅವರೊಳಗ ಯಾರರ ಒಬ್ಬರು ಆವಾಗೇ ಇಲ್ಲ ಅಂದಿದ್ರ, ನಾ ಅವತ್ತೇ ಓಡಿ ಹೋಗ್ತಿದ್ದೆ."